ತೋಟಾನೋ ಗುಂಡೋ

“ಕರಡಿಗೆ ಗುಂಡು, ಹಂದಿಗೆ ತೋಟಾ, ಮೈದುನಗ ಎರಡೂ!”

ಜಂಬವ್ವ ಈ ಮಾತು ಹೇಳಲು ಶುರುಮಾಡಿ ಹತ್ತಿರ ಹತ್ತಿರ ನಲವತ್ತು ವರ್ಷವಾಯಿತು. ಕಂಪ್ಲಿಯ ಸಂತೆಯಲ್ಲಿ ಹೇಳಿದ್ದಾಳೆ, ಹೊಸಪೇಟೆಯ ಬಸ್ಸಿನಲ್ಲಿ ಹೇಳಿದ್ದಾಳೆ, ಹಂಪಿಯಲ್ಲಿ ಬಾಳೆಗೊನೆ ಇಳಿಸುವಾಗ ವಿರೂಪಾಕ್ಷನಿಗೂ ಕೇಳಲಿ ಅಂತ ಹೇಳಿದ್ದಾಳೆ. ಹೇಳುವಾಗ ಅವಳ ಬಲಗೈ ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲಿನ ಜೊತೆ ಆಡುತ್ತಿರುತ್ತದೆ. ಕೇಳಿದವರು ನಗುತ್ತಾರೆ. ನಕ್ಕಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಸರಿಯಬೇಕಾದದ್ದೇ. ಜಂಬವ್ವನ ಮನೆಯಲ್ಲಿರುವ ಪಿಸ್ತೂಲು ಅಂಥಿಂಥದ್ದಲ್ಲ. ಲೋಕದಲ್ಲಿ ಗುಂಡು ಹಾರಿಸುವ ರಿವಾಲ್ವರುಗಳಿವೆ, ತೋಟಾ ಹಾರಿಸುವ ಕೋವಿಗಳಿವೆ. ಇದು ಎರಡನ್ನೂ ಹಾರಿಸುತ್ತದೆ. ಗುಂಡು ಎಂದರೆ ಎಲ್ಲರಿಗೂ ಗೊತ್ತು, ಹೋದರೆ ಒಂದೇ ಗೆರೆಯಲ್ಲಿ ಹೋಗಿ ಒಬ್ಬನನ್ನೇ ಮಾತಾಡಿಸುತ್ತದೆ. ತೋಟಾ ಎಂದರೆ ಹೊಟ್ಟೆ ತುಂಬ ಸಾಸಿವೆಯಂಥ ಸೀಸದ ಕಾಳು ತುಂಬಿದ ದಪ್ಪ ಕಾಡತೂಸು. ಅದು ಒಡೆದರೆ ಮದುವೆಯ ಅಕ್ಕಿಕಾಳಿನ ಹಾಗೆ ಬಂದವರು ಬಾರದವರು ಎಲ್ಲರ ಮೇಲೂ ಬೀಳುತ್ತದೆ. ಆ ತೋಟಾದ ಕೊನೆಯಲ್ಲಿ ಒಂದು ದೀರ್ಘವಿದೆ, ಅದನ್ನು ನೆನಪಿಟ್ಟುಕೊಳ್ಳಿ. ದೀರ್ಘ ಬಿದ್ದುಹೋದರೆ ಅದು ಬರೀ ತೋಟ, ಬಾಳೆಯದೋ ತೆಂಗಿನದೋ.

ಪಿಸ್ತೂಲಿನ ಗಾಲಿಯಲ್ಲಿ ಐದು ಮನೆ. ಎರಡು ಜಾತಿಯ ಕಾಡತೂಸಿಗೂ ಜಾಗ ಬೇಕಲ್ಲ, ಹಾಗಾಗಿ ಒಂದೊಂದು ಮನೆಯೂ ಸಣ್ಣ ಸಂಸಾರ ಹೂಡುವಷ್ಟು ಉದ್ದ. ತೂಕ ಎಷ್ಟೆಂದರೆ, ಅದನ್ನಿಟ್ಟ ಪೆಟ್ಟಿಗೆಯ ಕೆಳಗಿನ ನೆಲ ನಾಲ್ಕು ಬೆರಳು ಕುಸಿದಿದೆ ಎಂದು ಊರವರು ಹೇಳುತ್ತಾರೆ. ಅಳೆದವರು ಯಾರೂ ಇಲ್ಲ.

ಅದು ಈ ಮನೆಗೆ ಬಂದದ್ದೂ ಒಂದು ತಪ್ಪಿನಿಂದಲೇ. ಟಿ.ಬಿ. ಡ್ಯಾಂ ಕಟ್ಟುವ ಕಾಲಕ್ಕೆ ಬಂದಿದ್ದ ಪರದೇಶದ ಇಂಜಿನಿಯರನೊಬ್ಬನಿಗೆ ಜಂಬವ್ವನ ಮಾವ ಹಂಪಯ್ಯ ಅಡುಗೆ ಮಾಡುತ್ತಿದ್ದ. ಆ ಸಾಹೇಬ ಸಂಡೂರಿನ ಗುಡ್ಡಕ್ಕೆ ಬೇಟೆಗೆ ಹೋಗುವಾಗ ಎರಡೆರಡು ಆಯುಧ ಹೊರಲು ಬೇಸರಪಟ್ಟು, ಎರಡರ ಕೆಲಸವನ್ನೂ ಒಂದೇ ಮಾಡಲಿ ಅಂತ ತನ್ನ ದೇಶದಿಂದ ಇದನ್ನು ಮಾಡಿಸಿ ತಂದಿದ್ದನಂತೆ. ಊರಿಗೆ ಮರಳುವ ದಿನ, “ಹಂಪಯ್ಯ, ಏನು ಬೇಕು ಕೇಳು” ಎಂದ. ಹಂಪಯ್ಯ ಮೇಜಿನ ಮೇಲಿದ್ದ ಚಹಾದ ಕೆಟಲಿನ ಕಡೆ ಬೆರಳು ತೋರಿಸಿದ. ಅದರ ಪಕ್ಕದಲ್ಲಿ ಪಿಸ್ತೂಲಿತ್ತು. ಸಾಹೇಬನಿಗೆ ಸ್ವಲ್ಪ ಮಾಲುಗಣ್ಣು. ಲೈಸೆನ್ಸಿನ ಸಮೇತ ಪಿಸ್ತೂಲು ಸಿಕ್ಕಿತು. ಕೆಟಲು ಸಿಗಲಿಲ್ಲವಲ್ಲ ಎಂಬ ಕೊರಗಿನಲ್ಲೇ ಹಂಪಯ್ಯ ಎಂಬತ್ತೆರಡನೇ ವಯಸ್ಸಿನವರೆಗೆ ಬದುಕಿದ.

ಹಂಪಯ್ಯನ ನಂತರ ಅದು ಅವನ ಹಿರಿಮಗ ಗಾದಿಲಿಂಗಪ್ಪನಿಗೆ ಬಂತು. ಎಂಟು ವರ್ಷದ ಹಿಂದೆ ಗಾದಿಲಿಂಗಪ್ಪ ತೀರಿಕೊಂಡಾಗ ಅವನ ಹೆಂಡತಿ ಜಂಬವ್ವನಿಗೆ ಉಳಿದದ್ದು ಎರಡೇ ಆಸ್ತಿ: ಕಂಪ್ಲಿಗೆ ಎರಡು ಮೈಲಿ ದೂರದಲ್ಲಿ ಮೂರೆಕರೆ ಸುಗಂಧಿ ಬಾಳೆಯ ತೋಟ, ಮತ್ತು ಈ ಪಿಸ್ತೂಲು. ಜೊತೆಗೆ ಎರ್ರಿಯಪ್ಪ ಎಂಬ ಮೈದುನ.

ತೋಟಕ್ಕೆ ನೀರು ಬರುವುದು ವಿಜಯನಗರದ ಅರಸರು ತೋಡಿಸಿದ ಹಳೇ ಕಾಲುವೆಯಿಂದ. ಅರಸರು ಎಲ್ಲ ಸರಿಯಾಗಿ ಮಾಡಿದರು, ತೂಬನ್ನು ಮಾತ್ರ ಎರ್ರಿಯಪ್ಪನ ಹೊಲದ ಮೂಲೆಯಲ್ಲಿ ಇಟ್ಟುಬಿಟ್ಟರು. ಅಣ್ಣನ ದಿನಕರ್ಮ ಮುಗಿದ ಮರುದಿನವೇ ಎರ್ರಿಯಪ್ಪ ಬಂದು ಅಂಗಳದಲ್ಲಿ ಕುಂತ.

“ಅತ್ತಿಗಿ, ಹೆಣ್ಣುಮಗಳು ನೀನು. ಬಾಳಿ ಅಂದ್ರ ಗಂಡಸರ ಬ್ಯಾಸಾಯ. ತೋಟ ನನಗ ಬಿಡು. ವರ್ಷಕ್ಕೊಂದು ಸೀರಿ, ಹಬ್ಬಕ್ಕೆರಡು ಗೊನಿ ಮನೀಗೆ ಕಳಸ್ತೀನಿ.”

“ಗೊನಿ ನನ್ನ ತೋಟದ್ದೋ, ನಿನ್ನದೋ?”

“ನಿನ್ನ ತೋಟದ್ದಾ.”

“ನನ್ನ ಗೊನಿ ನನಗ ಕೊಡಾಕ ನೀನ್ಯಾಕಲೇ ನಡುವ?”

ಎರ್ರಿಯಪ್ಪ ಎದ್ದುಹೋಗಿ ತೂಬು ಮುಚ್ಚಿದ. ಮರುದಿನ ಬೆಳಗಿನ ಎಳೆಬಿಸಿಲಲ್ಲಿ ಜಂಬವ್ವ ತೂಬಿನ ಕಲ್ಲಿನ ಮೇಲೆ ಗೋಣಿಚೀಲ ಹಾಸಿ, ತೊಡೆಯ ಮೇಲೆ ಪಿಸ್ತೂಲಿಟ್ಟುಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತ ಕುಂತಳು. ಎರ್ರಿಯಪ್ಪ ಬಂದು ಎದುರಿಗೆ ನಿಂತ. ಅವಳು ಅಕ್ಕಿಯಿಂದ ತಲೆ ಎತ್ತಲಿಲ್ಲ.

“ಓಡಿದರ ಗುಂಡು ಮುಟ್ಟತೈತಿ. ನಿಂತರ ತೋಟಾ ಮುಟ್ಟತೈತಿ. ನೀ ಯಾವುದು ಮಾಡ್ತಿ, ಯೋಚನಿ ಮಾಡಿ ಹೇಳು. ನನ್ನ ಅಕ್ಕಿ ಇನ್ನಾ ಒಂದು ಸೇರು ಐತಿ.”

ಎರ್ರಿಯಪ್ಪ ಓಡಲೂ ಇಲ್ಲ, ನಿಲ್ಲಲೂ ಇಲ್ಲ. ಬಾಗಿ ತೂಬಿನ ಹಲಗೆ ಎತ್ತಿದ. ಅಂದಿನಿಂದ ಎಂಟು ವರ್ಷ, ಮಂಗಳವಾರ ಮತ್ತು ಶುಕ್ರವಾರ, ಗಡಿಯಾರ ತಪ್ಪಿದರೂ ಜಂಬವ್ವನ ತೋಟಕ್ಕೆ ನೀರು ತಪ್ಪಲಿಲ್ಲ. ಅವಳ ಕೀರ್ತಿ ಮನುಷ್ಯರನ್ನೂ ದಾಟಿತು. ದರೋಜಿ ಗುಡ್ಡದ ಕರಡಿಗಳು ಅವಳ ತೋಟಕ್ಕೆ ನುಗ್ಗಿದರೆ, ತಿಂದ ಹಣ್ಣಿನ ಸಿಪ್ಪೆಯನ್ನು ಬದುವಿನ ಮೇಲೆ ಒಂದು ಕಡೆ ಗುಡ್ಡೆ ಹಾಕಿ ಹೋಗುತ್ತವೆ ಎಂದು ಸುದ್ದಿಯಾಯಿತು.

ಈಗ ಗುಟ್ಟು. ಜಂಬವ್ವನ ಪಿಸ್ತೂಲಿನಿಂದ ಗುಂಡೂ ಹಾರುವುದಿಲ್ಲ, ತೋಟಾನೂ ಹಾರುವುದಿಲ್ಲ.

ಹಾರುತ್ತಿದ್ದ ಕಾಲವೂ ಇತ್ತು. ಮದುವೆಯಾದ ಕೆಲವು ವರ್ಷಕ್ಕೆ, ಒಂದು ಮಧ್ಯಾಹ್ನ ಗಾದಿಲಿಂಗಪ್ಪ ಬೇರೆ ಥರದ ಗುಂಡು, ಅಂದರೆ ಬಾಟಲಿಯದು, ಎರಡು ಹಾಕಿಕೊಂಡು, ಗೆಳೆಯರಿಗೆ ಪಿಸ್ತೂಲಿನ ಕರಾಮತ್ತು ತೋರಿಸಲು ಅಂಗಳಕ್ಕೆ ಇಳಿದ. ಸಾಹೇಬ ಬಿಟ್ಟುಹೋಗಿದ್ದ ಕಾಡತೂಸುಗಳಲ್ಲಿ ಕೊನೆಯ ಎರಡು ಉಳಿದಿದ್ದವು. ಒಂದು ಮನೆಗೆ ತೋಟಾ ತುಂಬಿದ, ಇನ್ನೊಂದಕ್ಕೆ ಗುಂಡು. ಮೊದಲನೆಯದು ಸಿಡಿದು ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳವೆಲ್ಲ ಜರಡಿಯಾಯಿತು. ಗೆಳೆಯರು ಶಿಳ್ಳೆ ಹೊಡೆದರು. ಎರಡನೆಯದಕ್ಕೆ ಅವನು ಗುರಿ ಇಟ್ಟದ್ದು ಬೇವಿನ ಮರಕ್ಕೆ. ಆ ಹೊತ್ತಿಗೆ ಜಂಬವ್ವ ತಲೆಯ ಮೇಲೆ ಕೊಡ ಹೊತ್ತು ಕಾಲುವೆಯಿಂದ ಬರುತ್ತಿದ್ದಳು. ಢಂ ಅಂದಿತು. ಕೊಡದ ಎರಡೂ ಕಡೆಯಿಂದ ನೀರು ಚಿಮ್ಮಿ ಅವಳ ಮುಖದ ಮೇಲೆ ಇಳಿಯಿತು.

ಅವಳು ಕೊಡವನ್ನು ನಿಧಾನವಾಗಿ ಇಳಿಸಿ, ತೂತಿನೊಳಗೆ ಬೆರಳು ಹಾಕಿ ನೋಡಿದಳು. ಆಮೇಲೆ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡಳು. ಎರಡಕ್ಕೂ ನಡುವೆ ಮೂರು ಬೆರಳಿನ ಅಂತರ. ಗಂಡನ ಕೈಯಿಂದ ಪಿಸ್ತೂಲು ಕಿತ್ತುಕೊಂಡು ಒಳಗೆ ಹೋದಳು. ಮರುದಿನ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಂಪ್ಲಿಯ ಒಬ್ಬ ಅಕ್ಕಸಾಲಿಗನ ಮುಂದಿಟ್ಟು, “ಇದು ಮತ್ತ ಎಂದೂ ಬಾಯಿ ತೆಗೀಬಾರದು, ನೋಡಿದವರಿಗೆ ಗೊತ್ತಾಗಬಾರದು” ಎಂದಳು. ಪಿಸ್ತೂಲಿನ ಕುದುರೆ, ಅಂದರೆ ಹಿಂದಿನಿಂದ ಬಂದು ಕಾಡತೂಸಿಗೆ ಬಡಿಯುವ ಭಾಗ, ಅದರ ಮೂತಿಯಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ಆ ಮೊಳೆ ಚುಚ್ಚಿದರೆ ಮಾತ್ರ ಮದ್ದು ಸಿಡಿಯುವುದು. ಅಕ್ಕಸಾಲಿಗ ಮೊಳೆಯನ್ನು ಕಿತ್ತು, ತುದಿಯನ್ನು ಅರದಿಂದ ತೀಡಿ, ಬೆಳ್ಳಿಯ ಪುಟ್ಟ ಉಂಗುರ ಜೋಡಿಸಿ ಅವಳಿಗೇ ಕೊಟ್ಟ. ಅದು ಅಂದಿನಿಂದ ಅವಳ ಕೀಲಿಗೊಂಚಲಿನಲ್ಲಿದೆ. ಕಿವಿ ತುರಿಸಿದಾಗ ಅದರಷ್ಟು ಹಿತವಾದ ಕಡ್ಡಿ ಇನ್ನೊಂದಿಲ್ಲ ಎಂಬುದು ಅವಳ ಅನುಭವ.

ಗಂಡನಿಗೂ ಹೇಳಲಿಲ್ಲ. “ಹಾರ್ತಿಲ್ಲಲ್ಲೇ ಇದು” ಎಂದು ಅವನು ಗೊಣಗಿದಾಗಲೆಲ್ಲ, “ಕಾಡತೂಸೇ ಇಲ್ಲ, ಏನು ಹಾರತೈತಿ? ನಿನ್ನ ಬಾಟಲಿ ತುಂಬು” ಎನ್ನುತ್ತಿದ್ದಳು. ಕೆಲಸ ಕೆಟ್ಟ ಮೇಲೆಯೇ ಪಿಸ್ತೂಲು ಕೆಲಸಕ್ಕೆ ಬಂತು. “ಕರಡಿಗೆ ಗುಂಡು, ಹಂದಿಗೆ ತೋಟಾ” ಎಂಬ ಮಾತು ಶುರುವಾದದ್ದು ಆ ವಾರದಿಂದಲೇ. ಮೈದುನ ಅದಕ್ಕೆ ಸೇರಿದ್ದು ಆಮೇಲೆ.

ಲೈಸೆನ್ಸು ಜಂಬವ್ವನ ಹೆಸರಿಗೆ ಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಜಿಲ್ಲೆ ಎರಡು ಹೋಳಾಗಿ, ಅವಳ ತೋಟ ಬಳ್ಳಾರಿ ಜಿಲ್ಲೆಯಲ್ಲಿ ಉಳಿದು, ಅವಳ ಕಡತ ಹೊಸಪೇಟೆಯ ಒಂದು ಕಚೇರಿಯಲ್ಲಿ ಬಾಕಿಯಾಗಿತ್ತು. ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದ ಕಾಲ. ಆ ಮೇಜಿನಲ್ಲಿ ಕುಂತಿದ್ದವನು ಸಿದ್ದಲಿಂಗೇಶ್ ಎಂಬ ಗುಮಾಸ್ತ. ಹಿಂದಿನ ವಾರದವರೆಗೆ ಬೆಳೆ ಸಮೀಕ್ಷೆಯ ಲೆಕ್ಕ ಏರಿಸುತ್ತಿದ್ದವನನ್ನು ಈ ವಾರ ಬಂದೂಕಿನ ಮೇಜಿಗೆ ಕೂಡಿಸಿದ್ದರು. ಜಂಬವ್ವ ಬೆಳಗಿನಿಂದ ನಿಂತು ನಿಂತು ಕಾಲು ಮರವಾಗಿ, ಕಿವಿಯಲ್ಲಿ ಪ್ರಿಂಟರಿನ ಕಿರಿಕಿರಿ ತುಂಬಿಕೊಂಡಿದ್ದಳು. ಹಳೆಯ ಲೈಸೆನ್ಸಿನಲ್ಲಿ ಬಿಡಿಸಿ ಓದಲಾಗದ ಹಳೇ ಮೋಡಿ ಲಿಪಿಯಂಥ ಬರಹ: “ತೋಟಾ ಹಾಗೂ ಗುಂಡು ಎರಡನ್ನೂ ಹಾರಿಸುವ ಐದು ಮನೆಯ ರಿವಾಲ್ವರ್ ಒಂದು.”

ಸಿದ್ದಲಿಂಗೇಶ್ ತಲೆ ಎತ್ತದೆ ಕೇಳಿದ: “ಅಮ್ಮಾ, ಈ ಕಾಲಮ್ಮಿನಾಗ ಒಂದೇ ಹಿಡೀತೈತಿ. ತೋಟಾನೋ, ಗುಂಡೋ?”

“ತೋಟ ಮೂರೆಕರೆ ಐತಪ್ಪಾ. ಗುಂಡು ನಮ್ಮ ಮನ್ಯಾಗ ಈಗ ಯಾರೂ ಹಾಕಂಗಿಲ್ಲ. ಹಾಕಾಂವ ಹೋದ.”

ಬೆಳೆ ಸಮೀಕ್ಷೆಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡಿದವು. ಕಂಪ್ಯೂಟರು ಒಂದು ಸಲ ಕಣ್ಣು ಮಿಟುಕಿಸಿ ಒಪ್ಪಿಕೊಂಡಿತು. ಕಂಪ್ಯೂಟರಿಗೇನು, ಮೂರೆಕರೆ ಸಮುದ್ರ ಎಂದರೂ ಒಪ್ಪಿಕೊಳ್ಳುತ್ತದೆ.

ಆ ತಪ್ಪು ಮೊಟ್ಟೆಯ ಹಾಗೆ ಕಾವು ಕೂತಿತ್ತು. ಚುನಾವಣೆ ಬಂದಾಗ ಒಡೆಯಿತು.

ಚುನಾವಣೆ ಸಾರಿದ ಕೂಡಲೇ ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಗೆ ಜಮಾ ಮಾಡುವುದು ರೂಢಿ. ಜಂಬವ್ವ ಪ್ರತಿ ಸಲದ ಹಾಗೆ ಪಿಸ್ತೂಲನ್ನು ಬಾಳೆಎಲೆಯಲ್ಲಿ ಸುತ್ತಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಮಗಳನ್ನು ಬಾಣಂತನಕ್ಕೆ ಕರೆದೊಯ್ಯುವ ಹಾಗೆ ಜೋಪಾನವಾಗಿ ಒಯ್ದು ಕೊಟ್ಟು ಬಂದಳು. ಪೇದೆ ಪರಶುರಾಮ್ ಪ್ರತಿ ಸಲದ ಹಾಗೆ, “ಬಂತಾ ನಮ್ಮ ಅಳಿಯಾ?” ಎಂದು ಇಟ್ಟುಕೊಂಡ. ಮತದಾನ ಮುಗಿಯಿತು, ಎಣಿಕೆ ಮುಗಿಯಿತು, ಗೆದ್ದವರ ಪಟಾಕಿಯ ಹೊಗೆಯೂ ಕರಗಿತು. ಎಲ್ಲರೂ ತಮ್ಮ ತಮ್ಮ ಬಂದೂಕು ಬಿಡಿಸಿಕೊಂಡು ಹೋದರು. ಜಂಬವ್ವ ಹೋದಾಗ ಪರಶುರಾಮ್ ಮೇಲಿನಿಂದ ಬಂದಿದ್ದ ಹೊಸ ಪಟ್ಟಿಯನ್ನು ಒಂದು ಸಲ ನೋಡಿದ, ಅವಳನ್ನು ಒಂದು ಸಲ ನೋಡಿದ.

“ಅಮ್ಮಾ, ನಿಮ್ಮ ಲೈಸೆನ್ಸಿನಾಗ ಪಿಸ್ತೂಲೇ ಇಲ್ಲಲ್ರಿ.”

“ಮತ್ತೇನೈತಿ?”

“ನಿಮ್ಮ ತೋಟ ಐತಿ.” ಅವನು ಬೆರಳಿಟ್ಟು ಓದಿದ. “ಆಯುಧದ ವಿಧ: ತೋಟ. ಪ್ರಮಾಣ: ಮೂರು ಎಕರೆ. ಚುನಾವಣಾ ಕಾಲದಲ್ಲಿ ಜಮಾ ಆಗಿರುವುದಿಲ್ಲ.”

ಅವಳ ಕೈಯಲ್ಲಿ ಒಂದು ನೋಟೀಸನ್ನೂ ಇಟ್ಟ. ಸದರಿ ಆಯುಧವಾದ ತೋಟವನ್ನು ಏಳು ದಿನದೊಳಗೆ ಠಾಣೆಗೆ ಒಪ್ಪಿಸತಕ್ಕದ್ದು, ತಪ್ಪಿದರೆ ಲೈಸೆನ್ಸು ರದ್ದು. ಪಟ್ಟಿಯಲ್ಲೇ ಇಲ್ಲದ ಪಿಸ್ತೂಲನ್ನು ವಾಪಸು ಕೊಡುವ ಹಾಗಿಲ್ಲ.

ಸುದ್ದಿ ಜಂಬವ್ವನಿಗಿಂತ ಮೊದಲು ಊರು ಮುಟ್ಟಿತ್ತು. ಹಿಂದಿನ ಚುನಾವಣೆಗಳಲ್ಲಿ ಪಿಸ್ತೂಲು ಠಾಣೆಯಲ್ಲಿದ್ದಾಗಲೂ ಎರ್ರಿಯಪ್ಪ ನೀರಿಗೆ ಕೈ ಹಚ್ಚಿರಲಿಲ್ಲ, ಅದು ಇವತ್ತಲ್ಲ ನಾಳೆ ತಿರುಗಿ ಬರುತ್ತದೆಂಬ ಭಯ. ಈ ಸಲ ಬರುವುದಿಲ್ಲ ಎಂದು ಖಾತ್ರಿಯಾಯಿತು. ಮಂಗಳವಾರ ಅವಳು ತೂಬಿನ ಹತ್ತಿರ ಹೋದರೆ ಹಲಗೆಗೆ ಸರಪಳಿ, ಸರಪಳಿಗೆ ಬೀಗ. ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಎರ್ರಿಯಪ್ಪ.

“ಬಾ ಅತ್ತಿಗಿ, ಕುಂದ್ರು. ಇವತ್ತು ನಾನು ಓಡಲೋ, ನಿಂದರಲೋ? ನೀನಾ ಹೇಳು.”

ಜಂಬವ್ವ ಬೀಗವನ್ನು ಒಮ್ಮೆ ಜಗ್ಗಿ ನೋಡಿ ತೋಟದ ಕಡೆ ತಿರುಗಿದಳು.  ಬಿಸಿಲೆಂದರೆ, ಕಾಗೆಗಳು ನೆರಳಿಗಾಗಿ ಒಂದರ ಕೆಳಗೊಂದು ಹಾರುವಂಥ ಬಿಸಿಲು. ಎರಡು ಸಾವಿರ ಬಾಳೆ ಗೊನೆ ಹೊತ್ತು ಬಾಗಿ ನಿಂತಿದ್ದವು. ಹತ್ತು ದಿನ ನೀರು ತಪ್ಪಿದರೆ ಗೊನೆಯ ಭಾರಕ್ಕೆ ನಡು ಮುರಿದುಕೊಳ್ಳುತ್ತವೆ. ಕಾಲುವೆಯವರಿಗೆ ಅರ್ಜಿ ಕೊಡಬಹುದಿತ್ತು. ಆದರೆ ಅರ್ಜಿ ಕೊಟ್ಟ ದಿನವೇ ‘ಪಿಸ್ತೂಲು ಹೋಯಿತು, ಜಂಬವ್ವ ಕೈಮುಗಿದಳು’ ಎಂದಾಗುತ್ತದೆ. ಒಮ್ಮೆ ಕೈಮುಗಿದರೆ ಮುಗಿಯುತ್ತಲೇ ಇರಬೇಕು, ತೂಬಿಗೊಂದು ಸಲ, ಬದುವಿಗೊಂದು ಸಲ. ಅವಳು ಸೀದಾ ಹೊಸಪೇಟೆ ಬಸ್ಸು ಹತ್ತಿದಳು.

ಸಿದ್ದಲಿಂಗೇಶ್ ಪಟ್ಟಿ ನೋಡಿ, ಹಳೇ ಲೈಸೆನ್ಸು ನೋಡಿ, ಹಣೆ ಚಚ್ಚಿಕೊಂಡ. ಪಾಪ, ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು ಕೂಡಿಸಿದ, ನೀರು ತರಿಸಿಕೊಟ್ಟ.

“ತಪ್ಪಾಗೇತ್ರಿ ಅಮ್ಮಾ. ಒಂದೇ ಒಂದು ದೀರ್ಘ.”

“ಹಾಕಿಬಿಡಪ್ಪಾ, ಅದಕ್ಕೇನು ಲಾರಿ ಬೇಕಾ?”

“ಹಾಕಾಕ ಬಿಡವಲ್ದರಿ ಇದು. ತಿದ್ದಾಕ ಹೋದ್ರ ‘ಜಮಾ ಮಾಡಿದ ರಸೀದಿ ಏರಿಸು’ ಅಂತೈತಿ. ರಸೀದಿ ಏರಿಸಿದ್ರಷ್ಟ ಮುಂದಿನ ಬಾಗಲ ತೆಗಿಯೋದು.”

“ಏನು ಜಮಾ ಮಾಡಿದ ರಸೀದಿ?”

ಸಿದ್ದಲಿಂಗೇಶ್ ಗಂಟಲು ಸರಿಮಾಡಿಕೊಂಡ. “ತೋಟ ಜಮಾ ಮಾಡಿದ್ದರಿ.”

ಜಂಬವ್ವ ಕೀಲಿಗೊಂಚಲು ತೆಗೆದು ಕಿವಿ ತುರಿಸಿಕೊಂಡಳು.

“ಆ ರಸೀದಿ ತಂದು ಕೊಟ್ರ ಪಿಸ್ತೂಲು ಬರತೈತಿ?”

“ನೂರಕ್ಕ ನೂರು ಬರತೈತ್ರಿ. ಆದರ ತೋಟದ ರಸೀದಿ ಹೆಂಗರಿ ಅಮ್ಮಾ…”

“ಅದು ನನ್ನ ಚಿಂತಿ. ನೀ ದೀರ್ಘ ತಯಾರ ಇಟ್ಟುಕೊ.”

ಬಸ್ಸು ಕಮಲಾಪುರ ದಾಟುವಷ್ಟರಲ್ಲಿ ಅವಳ ಮುಖದಲ್ಲಿ ನಗು ಬಂದಿತ್ತು. ಪಕ್ಕದಲ್ಲಿ ಕುಂತಿದ್ದವಳು ಹೆದರಿ ಸೀಟು ಬದಲಿಸಿದಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಊರಲ್ಲಿ ಬಾಡಿಗೆಗೆ ಓಡಿಸುವ ಮಾರೇಶನ ಟ್ರ್ಯಾಕ್ಟರು ಠಾಣೆಯ ಗೇಟಿನೊಳಗೆ ನುಗ್ಗಿತು. ಅದರಲ್ಲಿ ಬೇರು ಮಣ್ಣಿನ ಸಮೇತ ಎಬ್ಬಿಸಿದ ನಲವತ್ತೆರಡು ಬಾಳೆಗಿಡ, ಬದುವಿನ ಎರಡು ಬುಟ್ಟಿ ಮಣ್ಣು, ಒಂದು ಕರಿಬೇವು, ಗಾದಿಲಿಂಗಪ್ಪನ ಹಳೇ ಅಂಗಿ ತೊಟ್ಟ ಬೆದರುಬೊಂಬೆ, ಮತ್ತು ಎಲ್ಲಕ್ಕಿಂತ ಮೇಲೆ ಹಾರೆ ಹಿಡಿದು ಜಂಬವ್ವ. ಪೊಲೀಸರು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಧ್ವಜದ ಕಂಬಕ್ಕೂ ಜಪ್ತಿ ಮಾಡಿದ ಮೋಟಾರ್ ಸೈಕಲ್ಲುಗಳಿಗೂ ನಡುವೆ ಹನ್ನೊಂದು ಗಿಡ ನೆಟ್ಟಾಗಿತ್ತು. ಬೆದರುಬೊಂಬೆ ಬಾಗಿಲಲ್ಲಿ ಪಹರೆಗೆ ನಿಂತಿತ್ತು. ಪರಶುರಾಮ್ ಅಭ್ಯಾಸಬಲದಿಂದ ಅದಕ್ಕೆ ಸೆಲ್ಯೂಟ್ ಹೊಡೆದ ಎಂದು ಹೇಳುವವರಿದ್ದಾರೆ.

ಸಬ್ ಇನ್ಸ್‌ಪೆಕ್ಟರು ಟೋಪಿ ಸರಿಮಾಡಿಕೊಳ್ಳುತ್ತ ಬಂದರು. “ಏನಮ್ಮಾ ಇದು?”

“ತೋಟ.”

“ತೋಟ ಅನ್ನೋದು ಕಾಣ್ತೈತಿ. ಇಲ್ಲಿ ಯಾಕ ತಂದಿ?”

ಜಂಬವ್ವ ಸೆರಗಿನ ಗಂಟು ಬಿಚ್ಚಿ ನೋಟೀಸು ಕೊಟ್ಟಳು. “ನೀವಾ ಕರದೀರಿ, ಸಾಹೇಬ್ರ. ಇದು ಮೊದಲನೇ ಟ್ರಿಪ್ಪು. ಇನ್ನಾ ಎರಡು ಸಾವಿರ ಗಿಡ ಅದಾವು, ತರ್ತೀನಿ. ತೋಟದಾಗೊಂದು ಬಾವಿ ಐತಿ, ಅದನ್ನ ಟ್ರ್ಯಾಕ್ಟರಿನಾಗ ಹೆಂಗ ತರಬೇಕು, ಅದೊಂದು ಹೇಳಿಬಿಡ್ರಿ. ಗುಡ್ಡದಿಂದ ಬರೋ ಕರಡಿಗೂ ವಿಳಾಸ ಬದಲಾಗೇತಿ ಅಂತ ತಿಳಿಸಬೇಕು.”

ಸಬ್ ಇನ್ಸ್‌ಪೆಕ್ಟರು ನೋಟೀಸನ್ನು ಎರಡು ಸಲ ಓದಿದರು. ಅವರ ಮೀಸೆಯ ಒಂದು ತುದಿ ನಗಲು ಹೊರಟಿತು, ಇನ್ನೊಂದು ತುದಿ ಅದನ್ನು ಹಿಡಿದು ನಿಲ್ಲಿಸಿತು.

“ಅಮ್ಮಾ, ಇದು ಯಾರೋ ಬರಿಯೋದ್ರಾಗ ತಪ್ಪು ಮಾಡ್ಯಾರ. ಗಿಡ ತಗೊಂಡು ಹೋಗು.”

“ತಪ್ಪು ಅಂತ ಬರದು ಕೊಡ್ರಿ, ಒಯ್ತೀನಿ. ಇಲ್ಲಾಂದ್ರ ರಸೀದಿ ಕೊಡ್ರಿ. ಮತ್ತ ಒಂದು ಮಾತು: ದಿನಾ ನೀರು ಹಾಕ್ರಿ. ಒಂದು ಗೊನಿ ಒಣಗಿದ್ರೂ ನಾನು ಸುಮ್ಕಿರಂಗಿಲ್ಲ. ಸರ್ಕಾರದ ಸುಪರ್ದಿಯಾಗ ಐತಿ ಮಾಲು.”

ತಪ್ಪು ಅಂತ ಬರೆದುಕೊಡುವುದು ಯಾವ ಠಾಣೆಯಲ್ಲೂ ಸುಲಭವಲ್ಲ, ರಸೀದಿ ಸುಲಭ. ಪರಶುರಾಮ್ ಬರೆದ: “ತೋಟ, ಭಾಗಶಃ, ನಲವತ್ತೆರಡು ಗಿಡ, ಜೀವಂತ ಸ್ಥಿತಿಯಲ್ಲಿ ಜಮಾ.” ಸೀಲು ಬಿತ್ತು. ಮಾರೇಶ್ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಸಿದ್ದಲಿಂಗೇಶನಿಗೆ ಕಳಿಸಿದ. ಮಧ್ಯಾಹ್ನದ ಊಟದ ಹೊತ್ತಿನೊಳಗೆ ಹೊಸಪೇಟೆಯಲ್ಲಿ ಒಂದು ದೀರ್ಘ ಬಿತ್ತು. ಅಷ್ಟೇ ಅಲ್ಲ, ಸಿದ್ದಲಿಂಗೇಶ್ ಧೈರ್ಯ ಮಾಡಿ ‘ಷರಾ’ ಎಂಬ ಖಾಲಿ ಜಾಗದಲ್ಲಿ ‘ಗುಂಡು ಸಹ’ ಎಂದೂ ಸೇರಿಸಿದ. ಗಿಡಗಳು ಅದೇ ಟ್ರ್ಯಾಕ್ಟರಿನಲ್ಲಿ ಹಿಂದಕ್ಕೆ ಹೊರಟವು. ಕರಿಬೇವನ್ನು ಮಾತ್ರ ಠಾಣೆಯ ಅಡುಗೆಯವನು ಬಿಟ್ಟುಕೊಡಲಿಲ್ಲ.

“ಪಿಸ್ತೂಲು ಕೊಡ್ರಿ ಮತ್ತ” ಎಂದಳು ಜಂಬವ್ವ.

ಸಬ್ ಇನ್ಸ್‌ಪೆಕ್ಟರು ಮೇಜಿನಿಂದ ಇನ್ನೊಂದು ಕಾಗದ ತೆಗೆದರು. “ಒಂದು ತಕರಾರು ಐತಿ. ನಿನ್ನ ಮೈದುನ ಅರ್ಜಿ ಕೊಟ್ಟಾನ. ಆ ಪಿಸ್ತೂಲಿನಿಂದ ತನಗ ಜೀವಭಯ ಐತಂತ. ನಾಡಿದ್ದು ಆಯುಧ ಪರೀಕ್ಷೆ ಮಾಡೋ ಮೇಸ್ತ್ರಿ ಬಳ್ಳಾರಿಯಿಂದ ಬರ್ತಾರ. ಇಬ್ಬರೂ ಬರ್ರಿ. ಅದು ಅಷ್ಟು ಅಪಾಯದ್ದು ಅಂತ ಕಂಡ್ರ ನಿನಗ ಕೊಡಾಕ ಆಗಂಗಿಲ್ಲ.”

ಮನೆಗೆ ನಡೆದು ಬರುವಾಗ ಜಂಬವ್ವನಿಗೆ ಇಕ್ಕಟ್ಟು ಪೂರ್ತಿಯಾಗಿ ಕಂಡಿತು. ಪಿಸ್ತೂಲು ಹಾರುತ್ತದೆ ಎಂದಾದರೆ ಪಿಸ್ತೂಲು ಹೋಗುತ್ತದೆ. ಹಾರುವುದಿಲ್ಲ ಎಂದಾದರೆ ಎರ್ರಿಯಪ್ಪನ ಎದುರಿಗೇ ಗುಟ್ಟು ಒಡೆದು ನೀರು ಹೋಗುತ್ತದೆ. ಗುಂಡು, ತೋಟಾ ಎರಡೂ ಈಗ ಅವಳ ಕಡೆಗೇ ತಿರುಗಿದ್ದವು. ತೋಟದಲ್ಲಿ ಬಾಳೆಯ ಎಲೆಗಳು ಆಗಲೇ ಅಂಚಿನಲ್ಲಿ ಕಂದಾಗಿದ್ದವು. ಹೋಗದೆ ಉಳಿದರೆ? ಅರ್ಜಿ ಗೆಲ್ಲುತ್ತದೆ. “ಥೂ, ಇವನ ಮುಂದ ಮನ್ಯಾಗ ಅಡಗಿ ಕುಂದ್ರೋದಾ?” ಎಂದು ತನಗೆ ತಾನೇ ಬೈದುಕೊಂಡು, ಹೇಳಿದ ದಿನ, ಮದುವೆ ಮನೆಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟು ಹೊರಟಳು.

ಠಾಣೆಯ ವರಾಂಡದಲ್ಲಿ ಅರ್ಧ ಊರು ಸೇರಿತ್ತು. ಎರ್ರಿಯಪ್ಪ ಇಸ್ತ್ರಿ ಅಂಗಿ ತೊಟ್ಟು, ಜೀವಭಯ ಇರುವವನ ಮುಖ ಮಾಡಿಕೊಂಡು ನಿಂತಿದ್ದ. ಮೇಸ್ತ್ರಿ ನರೆತ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಪಿಸ್ತೂಲು ಕೈಗೆ ತೆಗೆದುಕೊಂಡವನೇ, “ಅಬ್ಬಾ, ಇಂಥದ್ದು ನೋಡಿದ್ದಿಲ್ಲ ಬಿಡ್ರಿ” ಎಂದ. ಗಾಲಿ ತಿರುಗಿಸಿದ, ಮನೆಗಳನ್ನು ಅಳೆದ. “ಖರೇನ, ಎರಡೂ ಹಿಡೀತೈತಿ. ಗುಂಡೂ ಹಿಡೀತೈತಿ, ತೋಟಾನೂ ಹಿಡೀತೈತಿ.”

“ನಾನು ಹೇಳ್ಲಿಲ್ಲೇನ್ರೀ ಸಾಹೇಬ್ರ!” ಎಂದ ಎರ್ರಿಯಪ್ಪ.

ಮೇಸ್ತ್ರಿ ಕುದುರೆ ಎಳೆದು, ಕನ್ನಡಕ ಏರಿಸಿ, ಅದರ ಮೂತಿಯನ್ನು ಬೆರಳಿಂದ ಸವರಿದ. ಮತ್ತೆ ಸವರಿದ. “ಆದರ ಯಾವುದೂ ಹಾರಂಗಿಲ್ಲ. ಕುದುರಿ ಮೂತ್ಯಾಗ ಮೊಳಿ ಇಲ್ಲ. ಇದರಿಂದ ಬಾಳಿಕಾಯಿ ಚಚ್ಚಬಹುದು, ಅಷ್ಟ. ಮೊಳಿ ಎಲ್ಲಿ ಹೋತಮ್ಮಾ?”

ಜಂಬವ್ವ ಆಗ ಕಿವಿ ತುರಿಸಿಕೊಳ್ಳುತ್ತಿದ್ದಳು. “ಇಲ್ಲೇ ಐತ್ರಿ. ಎಳಿ ವಯಸ್ಸಿನಾಗ ಕಿವಿ ಭಾಳ ತುರಿಸ್ತಿತ್ತು, ಅದಕ್ಕ ಕಿತ್ತುಕೊಂಡೆ.”

 ವರಾಂಡದಲ್ಲಿ ನಗೆ ಎದ್ದಿತು ನೋಡಿ, ಠಾಣೆಯ ಹಂಚಿನ ಮೇಲಿದ್ದ ಪಾರಿವಾಳಗಳು ಹಾರಿ ಹಂಪಿ ಮುಟ್ಟಿದವಂತೆ. ಸಬ್ ಇನ್ಸ್‌ಪೆಕ್ಟರು ಅರ್ಜಿಯ ಮೇಲೆ ‘ಸದರಿ ಆಯುಧದಿಂದ ಜೀವಭಯ ಇರುವುದಿಲ್ಲ’ ಎಂದು ಬರೆದು, ರುಜು ಹಾಕಿ, ಪಿಸ್ತೂಲನ್ನು ಜಂಬವ್ವನ ಕಡೆ ಸರಿಸಿದರು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿರುಗಿದಳು. ಎದುರಿಗೆ ಎರ್ರಿಯಪ್ಪನಿದ್ದ. ಅರ್ಧ ನಿಮಿಷದ ಹಿಂದೆ ಎಲ್ಲವನ್ನೂ ತನ್ನ ಕಿವಿಯಾರೆ ಕೇಳಿದ್ದವನು, ತನಗೆ ಗೊತ್ತಿಲ್ಲದೆಯೇ ಮೂರು ಹೆಜ್ಜೆ ಹಿಂದೆ ಸರಿದು, ಪರಶುರಾಮನ ಕಾಲು ತುಳಿದ.

ಊರು ಅದನ್ನೂ ನೋಡಿತು. ನಗೆ ನಿಂತಿತು.

ಎರ್ರಿಯಪ್ಪನ ಮುಖ ಮಾಗಿದ ಟೊಮೇಟೊ ಆಯಿತು. “ಅಲ್ಲ ಅತ್ತಿಗಿ, ಎಂಟು ವರ್ಷ ನನ್ನ ಕೈಯಾಗ ತೂಬು ಎತ್ತಿಸಿದಿ! ಒಳಗ ಗುಂಡೂ ಇಲ್ಲ, ತೋಟಾನೂ ಇಲ್ಲ! ಇನ್ನ ಯಾತಕ್ಕ ಹೆದರಲಿ ನಾನು?”

ಜಂಬವ್ವ ಪಿಸ್ತೂಲನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಕಂಕುಳಲ್ಲಿ ಇಟ್ಟುಕೊಂಡು, ಆಮೇಲೆ ಬಾಯಿ ತೆಗೆದಳು.

“ಗುಂಡು ದಿನಾ ಸಂಜೀಕ ನೀ ಹಾಕ್ತಿ, ತೋಟ ನನ್ನದೈತಿ. ಇವತ್ತು ಶುಕ್ರವಾರ. ನಡಿಯಲೇ, ಬೀಗ ತೆಗಿ.”